ನೆರೆ ಇಳಿದ ಮೇಲೆ: ಕ್ಲಾರಾ ಬಾರ್ಟನ್ನರ ಬದುಕು

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮಲ್ಲಿ ಬಹುಮಂದಿಗೆ ರೆಡ್ ಕ್ರಾಸ್ ಎಂದರೆ ಆಫೀಸಿನಲ್ಲಿ ನಡೆಯುವ ರಕ್ತದಾನ ಶಿಬಿರ, ಕೊನೆಯಲ್ಲಿ ಕೊಡುವ ಬಿಸ್ಕತ್ತು, ಕಿತ್ತಳೆ ರಸ. ಅದನ್ನು ಇಲ್ಲಿ ಹುಟ್ಟುಹಾಕಿದ ಹೆಂಗಸಿನ ಹೆಸರು ನಮಗೆ ತಿಳಿಯುವುದು ಸಾಮಾನ್ಯವಾಗಿ ಮಕ್ಕಳ ಶಾಲೆಯ ಪಾಠದಿಂದ. ಆ ಪಾಠದಲ್ಲಿ ಕ್ಲಾರಾ ಬಾರ್ಟನ್ ಎಂದರೆ ಅಂತರ್ಯುದ್ಧದ ರಣರಂಗದಲ್ಲಿ ಗಾಯಾಳುಗಳಿಗೆ ನೀರು ಕೊಟ್ಟ ದೇವತೆ. ಅದು ಸುಳ್ಳಲ್ಲ. ಆದರೆ ಆಕೆಯ ಬದುಕಿನ ದೊಡ್ಡ ಕೆಲಸ ಶುರುವಾದದ್ದು ಯುದ್ಧ ಮುಗಿದು ಹದಿನಾರು ವರ್ಷವಾದ ಮೇಲೆ, ಅರವತ್ತರ ಅಂಚಿನಲ್ಲಿ. ನಮ್ಮೂರುಗಳಲ್ಲಾದರೆ ಮೊಮ್ಮಕ್ಕಳನ್ನು ಆಡಿಸುತ್ತಾ ಹಜಾರದಲ್ಲಿ ಕೂರುವ ವಯಸ್ಸು ಅದು. ಆ ಎರಡನೆಯ ಬದುಕಿನ ಕಥೆಯನ್ನೇ ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇನೆ.

1821ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಕ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರ ಐದನೆಯ, ಕೊನೆಯ ಮಗುವಾಗಿ ಆಕೆ ಹುಟ್ಟಿದರು. ಅಣ್ಣ ಅಕ್ಕಂದಿರಿಗೂ ಈ ಮಗುವಿಗೂ ಬಹಳ ಅಂತರ. ಹುಡುಗಿ ವಿಪರೀತ ಸಂಕೋಚದವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಅಳುಕು. ಹನ್ನೊಂದರ ವಯಸ್ಸಿನಲ್ಲಿದ್ದಾಗ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದ. ಹೆಚ್ಚುಕಡಿಮೆ ಎರಡು ವರ್ಷ ಅವನ ಪಕ್ಕ ಬಿಟ್ಟು ಕದಲದೆ ಶುಶ್ರೂಷೆ ಮಾಡಿದ್ದು ಈ ಪುಟ್ಟ ತಂಗಿ. ಅಣ್ಣ ಎದ್ದು ಓಡಾಡಿದ. ತಂಗಿಗೆ ಮಾತ್ರ ಮಾಡಲು ಕೆಲಸವಿಲ್ಲದೆ ಬದುಕೇ ಬರಿದಾದಂತಾಯಿತು. ಈ ಸಂಗತಿ ಮುಂದೆ ಮತ್ತೆ ಮತ್ತೆ ಕಾಣಿಸುತ್ತದೆ. ಪರರ ಕಷ್ಟ ಎದುರಿಗಿದ್ದಾಗ ಉಕ್ಕಿನಂತಿರುತ್ತಿದ್ದ ಈಕೆ ಕೆಲಸ ಮುಗಿದೊಡನೆ ಕುಸಿದು ಬೀಳುತ್ತಿದ್ದರು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಖಿನ್ನತೆ ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದುಂಟು.

ಹದಿನೇಳು ಹದಿನೆಂಟರ ವಯಸ್ಸಿಗೇ ಉಪಾಧ್ಯಾಯಿನಿ. 1852ರಲ್ಲಿ ನ್ಯೂಜರ್ಸಿಯ ಬೋರ್ಡನ್‌ಟೌನಿನಲ್ಲಿ, ಶುಲ್ಕ ಕೊಡಲಾಗದ ಮಕ್ಕಳು ಬೀದಿ ಸುತ್ತುವುದನ್ನು ಕಂಡು ಉಚಿತ ಸಾರ್ವಜನಿಕ ಶಾಲೆಯನ್ನು ತೆರೆದರು. ಬೆರಳೆಣಿಕೆಯ ಮಕ್ಕಳಿಂದ ಶುರುವಾದದ್ದು ನೂರಾರು ಮಕ್ಕಳ ಶಾಲೆಯಾಗಿ ಬೆಳೆಯಿತು. ಊರಿನವರು ಹೊಸ ಕಟ್ಟಡ ಕಟ್ಟಿಸಿದರು. ಕಟ್ಟಡ ಎದ್ದ ಮೇಲೆ ಅಷ್ಟು ದೊಡ್ಡ ಶಾಲೆಯನ್ನು ಹೆಂಗಸೊಬ್ಬಳು ನಡೆಸುವುದೆಂದರೇನು ಎಂದು ಗಂಡಸೊಬ್ಬರನ್ನು ಮುಖ್ಯೋಪಾಧ್ಯಾಯರಾಗಿ ಮೇಲೆ ತಂದು ಕೂರಿಸಿದರು, ಸಂಬಳವೂ ಹೆಚ್ಚು. ಬಾರ್ಟನ್ ರಾಜೀನಾಮೆ ಕೊಟ್ಟು ವಾಷಿಂಗ್‌ಟನ್ನಿಗೆ ಹೊರಟರು. 1854ರಲ್ಲಿ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ, ಗಂಡಸರಿಗೆ ಸಮನಾಗಿ ವರ್ಷಕ್ಕೆ 1,400 ಡಾಲರ್ ಸಂಬಳ. ಅದೂ ಬಹುಕಾಲ ಉಳಿಯಲಿಲ್ಲ. ಇಲಾಖೆಯ ಮೇಲಿನವರಿಗೆ ಕಛೇರಿಯಲ್ಲಿ ಹೆಂಗಸರು ಕೂರುವುದೇ ಸರಿಬರಲಿಲ್ಲವಾಗಿ, ನೂರು ಪದಕ್ಕೆ ಹತ್ತು ಸೆಂಟಿನಂತೆ ನಕಲು ಮಾಡುವ ಕೆಲಸಕ್ಕೆ ಇಳಿಸಿದರು.

1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಬಾಲ್ಟಿಮೋರಿನಲ್ಲಿ ಗುಂಪಿನ ಹಲ್ಲೆಗೆ ಸಿಕ್ಕಿ ವಾಷಿಂಗ್‌ಟನ್ನಿಗೆ ಬಂದ ಮ್ಯಾಸಚೂಸೆಟ್ಸಿನ ಸೈನಿಕರಲ್ಲಿ ಅವರ ಹಳೆಯ ಶಿಷ್ಯರೂ ಇದ್ದರು. ಸೆನೆಟ್ ಸಭಾಂಗಣದಲ್ಲೇ ಅವರನ್ನು ಮಲಗಿಸಿದ್ದರು. ಅಲ್ಲಿಂದ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಆಂಟೀಟಮ್ ಕಾಳಗದಲ್ಲಿ ಗಾಯಾಳುವೊಬ್ಬನ ತಲೆ ಎತ್ತಿ ನೀರು ಕುಡಿಸುತ್ತಿದ್ದಾಗ ಗುಂಡೊಂದು ಅವರ ತೋಳಿನ ಬಟ್ಟೆಯನ್ನು ತೂರಿ ಹೋಗಿ ಆತನನ್ನು ಕೊಂದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯುದ್ಧ ಮುಗಿದ ಮೇಲಿನ ಮೂರು ವರ್ಷ. ಮಗ ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದೆ ಕುಳಿತ ತಾಯಂದಿರು ಸಾವಿರಾರು. ಅವರಿಗಾಗಿ ವಾಷಿಂಗ್‌ಟನ್ನಿನ ಏಳನೆಯ ಬೀದಿಯ ತಮ್ಮ ಕೋಣೆಗಳಲ್ಲೇ ಕಾಣೆಯಾದ ಸೈನಿಕರ ಕಛೇರಿಯನ್ನು ತೆರೆದರು. 63,000ಕ್ಕೂ ಹೆಚ್ಚು ಪತ್ರಗಳು ಬಂದವು. ಸುಮಾರು 22,000 ಮಂದಿಯ ಗತಿ ಏನಾಯಿತೆಂದು ಪತ್ತೆಯಾಯಿತು. ಆ್ಯಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಸತ್ತ ಸುಮಾರು 13,000 ಸೈನಿಕರ ಗೋರಿಗಳಿಗೆ ಹೆಸರಿನ ಗುರುತು ಹಾಕಿಸುವ ಕೆಲಸದಲ್ಲೂ ಅವರಿದ್ದರು. ಸತ್ತವನನ್ನು ತಿರುಗಿ ತರಲಾಗದು. ಆದರೆ ಉಳಿದವರಿಗೆ ಒಂದು ಉತ್ತರ ಸಿಕ್ಕರೆ ತಿಥಿಯಾದರೂ ಮಾಡಿ, ಅತ್ತು, ಮುಂದಿನ ಬದುಕಿಗೆ ತಿರುಗಬಹುದು ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೇಹ ಸೋತಿತು. ವೈದ್ಯರ ಸಲಹೆಯಂತೆ ವಿಶ್ರಾಂತಿಗೆಂದು 1869ರಲ್ಲಿ ಯೂರೋಪಿಗೆ ಹೋದರು. ಜಿನೀವಾದಲ್ಲಿ ರೆಡ್ ಕ್ರಾಸ್ ಎಂಬ ಸಂಸ್ಥೆಯಿದೆ, ಅದರ ಒಪ್ಪಂದಕ್ಕೆ ಅಮೆರಿಕ ಇನ್ನೂ ಸಹಿ ಹಾಕಿಲ್ಲ ಎಂಬುದು ಅವರಿಗೆ ತಿಳಿದದ್ದು ಅಲ್ಲಿಯೇ. ಮರುವರ್ಷ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಮುತ್ತಿಗೆಗೆ ಸಿಕ್ಕಿ ಪಾಳುಬಿದ್ದ ಸ್ಟ್ರಾಸ್‌ಬರ್ಗಿನಲ್ಲಿ ಬಟ್ಟೆಯಿಲ್ಲದ ಜನರಿಗೆ ಬಟ್ಟೆ ಹಂಚುವುದು ಮೊದಲ ಕೆಲಸ. ಸ್ವಲ್ಪದರಲ್ಲೇ ಬಾರ್ಟನ್ ಒಂದನ್ನು ಗಮನಿಸಿದರು: ದಿನಾ ಬಂದು ಸಾಲಿನಲ್ಲಿ ನಿಂತು ಕೈಚಾಚುವ ಹೆಂಗಸರು ನೆರವು ಸಿಕ್ಕಷ್ಟೂ ಕುಗ್ಗುತ್ತಿದ್ದಾರೆ. ಹಂಚುವುದನ್ನು ನಿಲ್ಲಿಸಿ ಹೊಲಿಗೆ ಕೇಂದ್ರ ತೆರೆದರು. ಬಟ್ಟೆ ಕತ್ತರಿಸಿ ಕೊಡುವುದು, ಅವರು ಮನೆಯಲ್ಲಿ ಹೊಲಿದು ತರುವುದು, ಕೂಲಿ ಎಣಿಸಿ ಕೊಡುವುದು. ಹೊಲಿದ ಉಡುಪು ಇನ್ನೊಬ್ಬ ನಿರಾಶ್ರಿತನಿಗೆ. ಅವರ ಮುಂದಿನ ಎಲ್ಲ ಕೆಲಸದ ಬೀಜ ಇಲ್ಲಿದೆ.

ತಾಯ್ನಾಡಿಗೆ ಮರಳಿದ ಮೇಲೆ ವರ್ಷಗಟ್ಟಲೆ ಕಾಯಿಲೆ. ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಪುಟ್ಟ ಊರಿನ ಆರೋಗ್ಯಧಾಮದಲ್ಲಿ ಚೇತರಿಸಿಕೊಂಡರು. ಆಮೇಲೆ ಹಿಡಿದದ್ದು ಒಂದೇ ಹಟ: ಅಮೆರಿಕ ಜಿನೀವಾ ಒಪ್ಪಂದಕ್ಕೆ ಸೇರಬೇಕು. ಇಲ್ಲಿ ಇನ್ನೊಂದು ಯುದ್ಧವಾಗುವುದಿಲ್ಲ, ರೆಡ್ ಕ್ರಾಸ್ ಯಾಕೆ ಎಂಬ ವಾದ ವಾಷಿಂಗ್‌ಟನ್ನಿನಲ್ಲಿತ್ತು. ಅದಕ್ಕೆ ಬಾರ್ಟನ್ ಕಂಡುಕೊಂಡ ಉತ್ತರ ಸರಳ. ಯುದ್ಧವಿಲ್ಲದಿರಬಹುದು, ಆದರೆ ಈ ದೇಶಕ್ಕೆ ನೆರೆ, ಕಾಳ್ಗಿಚ್ಚು, ಚಂಡಮಾರುತ, ಬರ, ಭೂಕಂಪ ಯಾವುದೂ ತಪ್ಪಿದ್ದಲ್ಲವಲ್ಲ! 1881ರ ಮೇ ತಿಂಗಳಲ್ಲಿ ಅಮೆರಿಕನ್ ರೆಡ್ ಕ್ರಾಸ್ ಸ್ಥಾಪನೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಮಿಷಿಗನ್ ಕಾಡು ಹತ್ತಿ ಉರಿದು ಊರೂರೇ ಸುಟ್ಟಾಗ ಹೊಸ ಸಂಸ್ಥೆಯ ಮೊದಲ ಪರಿಹಾರ ಕಾರ್ಯ ನಡೆಯಿತು. 1882ರಲ್ಲಿ ಸರ್ಕಾರವೂ ಒಪ್ಪಂದವನ್ನು ಅಂಗೀಕರಿಸಿತು. 1884ರ ಜಿನೀವಾ ಸಮ್ಮೇಳನದಲ್ಲಿ, ಶಾಂತಿಕಾಲದ ವಿಪತ್ತುಗಳಲ್ಲೂ ರೆಡ್ ಕ್ರಾಸ್ ದುಡಿಯಬಹುದೆಂಬ ತತ್ವಕ್ಕೆ ಮನ್ನಣೆ ಸಿಕ್ಕಿತು. ಅದಕ್ಕೆ ಅಮೆರಿಕದ ತಿದ್ದುಪಡಿ ಎಂದೇ ಹೆಸರಾಯಿತು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಇಂದು ಚಂಡಮಾರುತ ಬಂದರೆ ಕೇಂದ್ರ ಸರ್ಕಾರದ ನೆರವನ್ನು ಎಲ್ಲರೂ ನಿರೀಕ್ಷಿಸುತ್ತೇವೆ. ಆಗ ಅಂಥದ್ದಿರಲಿಲ್ಲ. 1887ರಲ್ಲಿ ಟೆಕ್ಸಾಸಿನ ಬರಪೀಡಿತ ರೈತರಿಗೆ ಬಿತ್ತನೆ ಬೀಜ ಕೊಳ್ಳಲು ಕಾಂಗ್ರೆಸ್ ಮಂಜೂರು ಮಾಡಿದ್ದ ಬರೇ 10,000 ಡಾಲರನ್ನು ಅಧ್ಯಕ್ಷ ಕ್ಲೀವ್‌ಲ್ಯಾಂಡ್ ವೀಟೋ ಮಾಡಿದರು. ಪ್ರಜೆಗಳನ್ನು ಸಾಕುವುದು ಸರ್ಕಾರದ ಕೆಲಸವಲ್ಲ ಎಂಬುದು ಅವರ ನಿಲುವು. ಬಾರ್ಟನ್ ಟೆಕ್ಸಾಸಿಗೆ ಹೋಗಿ ಕಣ್ಣಾರೆ ಕಂಡು, ಪತ್ರಿಕೆಯ ಮೂಲಕ ವಿಷಯ ಜನರಿಗೆ ಮುಟ್ಟಿಸಿದರು, ಜನ ಕೊಟ್ಟರು.

ಅದಕ್ಕೆ ಮೂರು ವರ್ಷ ಮೊದಲು, 1884ರಲ್ಲಿ, ಓಹಾಯೋ ನದಿ ಉಕ್ಕಿತ್ತು. ಬಾರ್ಟನ್ ಹಬೆದೋಣಿಯೊಂದನ್ನು ಬಾಡಿಗೆಗೆ ಹಿಡಿದು ನದಿಯುದ್ದಕ್ಕೂ ಬಟ್ಟೆ, ಕಲ್ಲಿದ್ದಲು, ಆಹಾರ, ಮನೆಗೆ ಮರ, ಹೊಲಕ್ಕೆ ಬೀಜ ಎಲ್ಲವನ್ನೂ ತುಂಬಿಕೊಂಡು ಹೋದರು. ಆಗ ಪೆನ್ಸಿಲ್ವೇನಿಯದ ವಾಟರ್‌ಫರ್ಡಿನ ಆರು ಮಕ್ಕಳು ಸೇರಿ ನಾಟಕವಾಡಿ 51 ಡಾಲರ್ 25 ಸೆಂಟ್ ಕೂಡಿಸಿ ಕಳಿಸಿದ್ದರು. (ನಮ್ಮ ಯುಗಾದಿ ಕಾರ್ಯಕ್ರಮದ ಮಕ್ಕಳ ನಾಟಕಗಳಿಗೆ ಯಾರಾದರೂ ಈ ಉಪಾಯ ಹೇಳಿಕೊಡಬೇಕು.) ಬಾರ್ಟನ್ ಆ ಹಣವನ್ನು ಸಾಮಾನ್ಯ ನಿಧಿಯಲ್ಲಿ ಕರಗಿಸಲಿಲ್ಲ. ಇಲಿನಾಯ್ ದಡದಲ್ಲಿ ಮನೆ ಕಳೆದುಕೊಂಡ ವಿಧವೆಯೊಬ್ಬಳು ಆರು ಮಕ್ಕಳೊಡನೆ ಜೋಳದ ಕಣಜವೊಂದರಲ್ಲಿ ತಂಗಿದ್ದಳು. ಇಡೀ ಮೊತ್ತವನ್ನು ಆಕೆಯ ಕೈಗೇ ಕೊಟ್ಟರು, ಮನೆ ಎಬ್ಬಿಸಿಕೊಳ್ಳಲು. ಆರು ಮಕ್ಕಳದು ಆರು ಮಕ್ಕಳಿಗೆ.

ಇನ್ನು ಜಾನ್ಸ್‌ಟೌನ್. ಪೆನ್ಸಿಲ್ವೇನಿಯದ ಬೆಟ್ಟಗಳ ನಡುವೆ ಉಕ್ಕಿನ ಕಾರ್ಖಾನೆಯ ಊರು. ಸುತ್ತಣ ಬಡಾವಣೆಗಳೂ ಸೇರಿ ಸುಮಾರು 30,000 ಜನ. ಅಲ್ಲಿಂದ 14 ಮೈಲಿ ಮೇಲೆ ಹಳೆಯ ಮಣ್ಣಿನ ಕಟ್ಟೆಯೊಂದಿತ್ತು. ಪಿಟ್ಸ್‌ಬರ್ಗಿನ ಸಿರಿವಂತರ ಕ್ಲಬ್ಬೊಂದು, ಆ್ಯಂಡ್ರೂ ಕಾರ್ನೆಗಿಯೂ ಅದರ ಸದಸ್ಯ, ಮೀನು ಹಿಡಿಯಲು, ದೋಣಿವಿಹಾರಕ್ಕೆ ಆ ಕೆರೆಯನ್ನು ಇಟ್ಟುಕೊಂಡಿತ್ತು. ಗಾಡಿ ಓಡಾಡಲೆಂದು ಏರಿಯನ್ನು ತಗ್ಗಿಸಿದ್ದರು. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಿದ್ದರು. ತಳದ ನೀರುಬಿಡುವ ಕೊಳವೆಗಳನ್ನು ಹಿಂದೆಯೇ ಯಾರೋ ಕಿತ್ತು ಮಾರಿದ್ದರು, ಮತ್ತೆ ಹಾಕಿರಲಿಲ್ಲ. ಕೆರೆ ಏರಿಗಳನ್ನು ನೋಡಿ ಬೆಳೆದ ನಮಗೆ ಇಷ್ಟು ಹೇಳಿದರೆ ಸಾಕು. 1889ರ ಮೇ 31ರಂದು ಜಡಿಮಳೆಗೆ ಕಟ್ಟೆ ಒಡೆಯಿತು. ಎರಡು ಕೋಟಿ ಟನ್ ನೀರು ಕಣಿವೆಯಲ್ಲಿ ಉರುಳಿ, ಮನೆ, ಮರ, ರೈಲು ಡಬ್ಬಿ ಎಲ್ಲವನ್ನೂ ನೂಕಿಕೊಂಡು ಒಂದು ಗಂಟೆಯೊಳಗೆ ಊರನ್ನು ಮುಟ್ಟಿತು. ಕಲ್ಲಿನ ರೈಲ್ವೆ ಸೇತುವೆಗೆ ಅವಶೇಷಗಳೆಲ್ಲ ಸಿಕ್ಕಿಕೊಂಡು, ಅದಕ್ಕೆ ಬೆಂಕಿಯೂ ಹತ್ತಿತು. ಸತ್ತವರು 2,209. ಅವರಲ್ಲಿ 750ಕ್ಕೂ ಹೆಚ್ಚು ಮಂದಿಯ ಗುರುತೇ ಸಿಗಲಿಲ್ಲ. ಕ್ಲಬ್ಬಿನವರ ಮೇಲೆ ಯಾವ ನ್ಯಾಯಾಲಯದಲ್ಲೂ ಹೊಣೆ ನಿಲ್ಲಲಿಲ್ಲ.

ಜೂನ್ 5ರಂದು, ಅರವತ್ತೇಳರ ವಯಸ್ಸಿನ ಬಾರ್ಟನ್ ಸುಮಾರು ಐವತ್ತು ಮಂದಿ ವೈದ್ಯರು, ದಾದಿಯರು, ಕೆಲಸಗಾರರೊಡನೆ ಬಂದಿಳಿದರು. ರಾಜ್ಯದ ಸೇನಾ ಪಡೆಯ ಜನರಲ್ ಹೇಸ್ಟಿಂಗ್ಸ್ ಊರಿನ ಆಡಳಿತ ವಹಿಸಿಕೊಂಡಿದ್ದರು. ಈ ಚಿಕ್ಕ ಮೈಕಟ್ಟಿನ ವೃದ್ಧೆಯಿಂದ ಏನಾದೀತೆಂದು ಅವರಿಗೆ ಮೊದಲು ಹೊಳೆಯಲಿಲ್ಲ. ಆಕೆ ಒಂದು ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಡೇರೆಯಲ್ಲಿ ಕೆಲಸ ಶುರುಮಾಡಿದರು. ದೇಶದ ಎಲ್ಲ ಕಡೆಯಿಂದ, ಹೊರದೇಶಗಳಿಂದಲೂ, ಹಣ, ಸಾಮಾನು ಹರಿದುಬಂದಿತ್ತು. ಒಟ್ಟು ನೆರವು 37 ಲಕ್ಷ ಡಾಲರನ್ನು ಮೀರಿತ್ತು. ಕಷ್ಟ ಬಂದದ್ದು ಕೊರತೆಯಿಂದಲ್ಲ, ಹಂಚಿಕೆಯಿಂದ. ರೈಲು ಡಬ್ಬಿಗಟ್ಟಲೆ ಸಾಮಾನು ಬಂದು ಬಿದ್ದಿದೆ, ಯಾವುದರಲ್ಲಿ ಏನಿದೆ, ಯಾರಿಗೆ ಬೇಕು ಎಂದು ಗೊತ್ತಿಲ್ಲ. 1993ರಲ್ಲಿ ಕಿಲ್ಲಾರಿಯ ಭೂಕಂಪ, 2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತ, ಇಂಥ ಸುದ್ದಿ ಬಂದಾಗಲೆಲ್ಲ ಗ್ಯಾರೇಜಿನಲ್ಲಿ ಹಳೆ ಬಟ್ಟೆಯ ಮೂಟೆ ಕಟ್ಟಲು ಹೊರಡುವ ನಮಗೆ ಇದು ಅಪರಿಚಿತವಲ್ಲ. ಬಾರ್ಟನ್ ಉಗ್ರಾಣ ಕಟ್ಟಿಸಿ, ಬಂದದ್ದನ್ನೆಲ್ಲ ಬಿಚ್ಚಿ, ವಿಂಗಡಿಸಿ, ಪಟ್ಟಿಮಾಡಿಸಿದರು. ಊರಿನ ಹೆಂಗಸರದೇ ಸಮಿತಿಗಳನ್ನು ಮಾಡಿ ಮನೆಮನೆಗೆ, ಡೇರೆ ಡೇರೆಗೆ ಕಳಿಸಿದರು. ಯಾರ ಮನೆಯಲ್ಲಿ ಎಷ್ಟು ಜನ ಉಳಿದಿದ್ದಾರೆ, ಒಲೆಯಿದೆಯೇ, ಹಾಸಿಗೆಯಿದೆಯೇ ಎಂದು ನೆರೆಯವಳೇ ಕೇಳಿ ಬರೆದುಕೊಂಡಳು. ದೊಡ್ಡ ಅಧಿಕಾರಿ ಕೇಳಿದರೆ ಹೇಳದ ಮಾತು ಪಕ್ಕದ ಮನೆಯವಳು ಕೇಳಿದರೆ ಬರುತ್ತದೆ.

ಡೇರೆ ಎಷ್ಟು ದಿನ? ಮಳೆ, ಕೆಸರು, ಮೇಲೆ ವಿಷಮಶೀತ ಜ್ವರ ಬೇರೆ. ಬಾರ್ಟನ್ ಎರಡಂತಸ್ತಿನ ಮರದ ವಸತಿಗೃಹಗಳನ್ನು ಕಟ್ಟಿಸಿದರು. ಅವನ್ನು ಅನಾಥಾಲಯ, ಗಂಜಿಕೇಂದ್ರ ಎನ್ನಲಿಲ್ಲ, ಹೋಟೆಲು ಎಂದರು. ಒಂದೊಂದು ಸಂಸಾರಕ್ಕೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಎಲ್ಲರೂ ಕೂತು ಉಣ್ಣುವ ಊಟದ ಮನೆ. ಮೊನ್ನೆಯವರೆಗೆ ತಮ್ಮದೇ ಅಂಗಡಿ, ಮನೆ ಇದ್ದವರು ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲಲು ನಾಚಿ ಹಸಿದೇ ಇರುತ್ತಿದ್ದರು. ಅಂಥವರು ಹೋಟೆಲಿಗೆ ಬರಬಹುದಿತ್ತು. ಹೆಸರು ಬದಲಾಯಿಸಿದ್ದು ಸಣ್ಣ ಸಂಗತಿ ಎನಿಸೀತು. ಬೇರೆಯವರ ಊರಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಹಾಗೆ ಅನಿಸಬಾರದು. ಹೊಸ ಮನೆಗಳು ಎದ್ದಂತೆ ಅವಕ್ಕೆ ಮಂಚ, ಹಾಸಿಗೆ, ಒಲೆ, ಮೇಜು, ಪಾತ್ರೆಗಳನ್ನೂ ರೆಡ್ ಕ್ರಾಸ್ ಒದಗಿಸಿತು.

ಪತ್ರಿಕೆಗಳವರು ಕೆಲವೇ ವಾರಗಳಲ್ಲಿ ಹೊರಟುಹೋದರು, ಸೈನಿಕರೂ ಹೋದರು. ಬಾರ್ಟನ್ ಐದು ತಿಂಗಳು, ಅಕ್ಟೋಬರಿನವರೆಗೆ, ಊರು ಬಿಟ್ಟು ಕದಲಲಿಲ್ಲ. ಹೋಗುವಾಗ ಉಳಿದ ಕೆಲಸವನ್ನು ಊರಿನವರದೇ ಸಂಘದ ಕೈಗೆ ಒಪ್ಪಿಸಿದರು. ವಸತಿಗೃಹ ಬಿಚ್ಚಿದ ಮರವನ್ನೂ ಬಿಸಾಡಲಿಲ್ಲ. ಅದನ್ನು ವಾಷಿಂಗ್‌ಟನ್ನಿಗೆ ಸಾಗಿಸಿ, 1891ರಲ್ಲಿ ಮೇರಿಲ್ಯಾಂಡಿನ ಗ್ಲೆನ್ ಎಕೋದಲ್ಲಿ ಆ ಮರವನ್ನು ಬಳಸಿಯೇ ಪರಿಹಾರ ಸಾಮಗ್ರಿಯ ಉಗ್ರಾಣ ಕಟ್ಟಿಸಿದರು. ಆರು ವರ್ಷದ ಮೇಲೆ ಅದೇ ಅವರ ಮನೆಯೂ, ರೆಡ್ ಕ್ರಾಸಿನ ಪ್ರಧಾನ ಕಛೇರಿಯೂ ಆಯಿತು. ಗೋಡೆಗಳೊಳಗೆ ಕಂಬಳಿ, ಪಟ್ಟಿಬಟ್ಟೆ, ಲಾಂದ್ರಗಳಿಗೆ ಗೂಡುಗಳು. ಒಳಮಾಡಿಗೆ ಹಲಗೆಯ ಬದಲು ಎಳೆದು ಕಟ್ಟಿದ ಮಸ್ಲಿನ್ ಬಟ್ಟೆ.

ನನ್ನ ಮಟ್ಟಿಗೆ ಜಾನ್ಸ್‌ಟೌನಿಗಿಂತಲೂ ದೊಡ್ಡ ಕೆಲಸ ದಕ್ಷಿಣ ಕ್ಯಾರೊಲೈನದ್ದು. ಅದರ ಸುದ್ದಿ ಮಾತ್ರ ಕಡಿಮೆ. 1893ರ ಆಗಸ್ಟ್ 27ರ ರಾತ್ರಿ ಚಂಡಮಾರುತದ ಅಲೆ ಸೀ ಐಲ್ಯಾಂಡ್ಸ್ ಎಂಬ ತಗ್ಗು ದ್ವೀಪಗಳ ಮೇಲೆ ಹಾದುಹೋಯಿತು. ಸತ್ತವರು ಸಾವಿರಕ್ಕೂ ಹೆಚ್ಚು; ನೆಲೆ ತಪ್ಪಿದವರು ಸುಮಾರು 30,000. ಹೆಚ್ಚಿನವರು ಕರಿಯರು, ಗುಲಾಮಗಿರಿಯಿಂದ ಬಿಡುಗಡೆಯಾದವರು, ಅವರ ಮಕ್ಕಳು. ಬೆಳೆ ಹೋಗಿತ್ತು, ಬಾವಿಗಳಿಗೆ ಉಪ್ಪುನೀರು ನುಗ್ಗಿತ್ತು, ಮುಂದಿನ ಬೆಳೆಗೆ ಹತ್ತು ತಿಂಗಳಿತ್ತು. ಕಾಂಗ್ರೆಸ್ ಹಣ ಕೊಡಲಿಲ್ಲ. ಬಾರ್ಟನ್ ಕೈಗೆ ಬಂದದ್ದು ಸುಮಾರು 30,000 ಡಾಲರ್, ಎಂದರೆ ತಲೆಗೆ ಒಂದು ಡಾಲರ್, ಹತ್ತು ತಿಂಗಳಿಗೆ!

ಬ್ಯೂಫರ್ಟಿನಲ್ಲಿ ಉಗ್ರಾಣ ತೆರೆದು ಲೆಕ್ಕ ಹಾಕಿದರು. ಒಂದು ಸಂಸಾರಕ್ಕೆ ವಾರಕ್ಕೆ ಒಂದು ಪೆಕ್, ಅಂದರೆ ಸುಮಾರು ಒಂಬತ್ತು ಲೀಟರಿನ ಒಂದು ಅಳತೆ, ಮುಸುಕಿನ ಜೋಳದ ನುಚ್ಚು, ಒಂದು ಪೌಂಡ್ ಹಂದಿಮಾಂಸ. ಪ್ರಾಣ ಉಳಿಸುವಷ್ಟು ಮಾತ್ರ. ದುಡಿಯಬಲ್ಲ ಗಂಡಸರಿಗೆ ಕಾಲುವೆ ತೋಡುವ ಕೆಲಸ. ಅಂಥವರಿಗೆ ಪಡಿತರ ಇಮ್ಮಡಿ. ಉಪ್ಪುನೀರು ನಿಂತು ಕೆಟ್ಟ ಹೊಲಗಳಿಂದ ನೀರು ಹರಿದುಹೋಗುವಂತೆ ಮೈಲುಗಟ್ಟಲೆ ಕಾಲುವೆಗಳಾದವು. ಬಾವಿಗಳನ್ನು ಶುದ್ಧಮಾಡಿದರು. ಹೆಂಗಸರು ಹೊಲಿಗೆ ಗುಂಪುಗಳಲ್ಲಿ ಕೂತು, ಪೆಟ್ಟಿಗೆಗಳಲ್ಲಿ ಬಂದ ಹಳೆ ಬಟ್ಟೆಯನ್ನು ತೊಡುವಂತೆ ಮಾಡಿದರು. ಮನೆಗೆ ಮರ ಬಂತು. ಕಟ್ಟುವ ಕೈ ಅವರದೇ. ಬಿತ್ತನೆಯ ಕಾಲಕ್ಕೆ ಬೀಜ, ಆಲೂಗೆಡ್ಡೆ ಹಂಚಿದರು. ಹತ್ತಿ ಒಂದನ್ನೇ ನೆಚ್ಚದೆ ಮನೆಯ ಹಿತ್ತಿಲಲ್ಲಿ ತಿನ್ನುವ ತರಕಾರಿ ಬೆಳೆಯಿರೆಂದು ಹೇಳಿದರು. ಕರಿಯರಿಗೆ ಹೀಗೆ ಕೊಟ್ಟು ಸೋಮಾರಿಗಳನ್ನಾಗಿ ಮಾಡುತ್ತಿದ್ದಾಳೆಂಬ ಆಕ್ಷೇಪ ಬಿಳಿಯರಿಂದ ಬಂತು. ಕಾಲುವೆಗಳನ್ನು ನೋಡಿ ಬರಲಿ ಎನ್ನುವುದರ ಹೊರತು ಅದಕ್ಕೆ ಉತ್ತರವಿರಲಿಲ್ಲ. 1894ರ ಜುಲೈಯಲ್ಲಿ, ಹೊಸ ಬೆಳೆ ಕೈಗೆ ಬಂದ ಹೊತ್ತಿಗೆ, ಉಗ್ರಾಣ ಮುಚ್ಚಿ ಹೊರಟರು. 2009ರ ನೆರೆಯ ನಂತರ ನಮ್ಮ ಕಡೆ ಕಟ್ಟಿದ ಆಸರೆ ಮನೆಗಳಲ್ಲಿ ಕೆಲವಕ್ಕೆ ಹೊಲ ದೂರವೆಂದು ಜನ ಹೋಗಲೇ ಇಲ್ಲವೆಂಬುದನ್ನು ಓದಿದಾಗ ನನಗೆ ಈ ದ್ವೀಪಗಳ ನೆನಪಾಗುತ್ತದೆ. ಅಲ್ಲಿ ಮನೆ, ಹೊಲ, ನೀರು ಮೂರೂ ಒಟ್ಟಿಗೇ ಎದ್ದವು.

ನಡುವೆ ರಷ್ಯದ ಕ್ಷಾಮ, ತುರ್ಕಿಯಲ್ಲಿ ನೊಂದ ಅರ್ಮೇನಿಯನ್ನರು, ಕ್ಯೂಬಾ ಯುದ್ಧ. ಕೊನೆಯ ದೊಡ್ಡ ಪರಿಹಾರ ಕಾರ್ಯ 1900ರ ಸೆಪ್ಟೆಂಬರಿನಲ್ಲಿ, ಟೆಕ್ಸಾಸಿನ ಗ್ಯಾಲ್ವೆಸ್ಟನ್. ಸಮುದ್ರ ಆ ಊರನ್ನು ನುಂಗಿ ಕಡಿಮೆಯೆಂದರೂ 6,000 ಜನ ಸತ್ತಿದ್ದರು. ಎಪ್ಪತ್ತೆಂಟರ ಬಾರ್ಟನ್ ಕಾಯಿಲೆಯ ಮೈಯಲ್ಲೇ ಹೋಗಿ ಎರಡು ತಿಂಗಳು ನಿಂತರು. ಊರಾಚೆಯ ರೈತರು ಸ್ಟ್ರಾಬೆರಿ ಬೆಳೆದು ಬದುಕುವವರು. ಅವರ ತೋಟಗಳೆಲ್ಲ ಉಪ್ಪುನೀರಿಗೆ ಸತ್ತಿದ್ದವು. ಅವರಿಗೆ 15 ಲಕ್ಷ ಸ್ಟ್ರಾಬೆರಿ ಸಸಿಗಳನ್ನು ತರಿಸಿಕೊಟ್ಟರು. ಪರಿಹಾರ ನಿಧಿಯಿಂದ ಸಸಿ ಕೊಳ್ಳಲು ಮನಸ್ಸು ಬರಬೇಕಾದರೆ ಬರುವ ವರ್ಷದ ಫಸಲು ಕಣ್ಣಿಗೆ ಕಾಣುತ್ತಿರಬೇಕು.

ಆಕೆಯ ದೋಷವನ್ನೂ ಹೇಳಬೇಕು. ಯಾರಿಗೂ ಕೆಲಸ ಬಿಟ್ಟುಕೊಡದ ಸ್ವಭಾವ. ಸಂಸ್ಥೆ ಬೆಳೆದರೂ ಅದನ್ನು ತಮ್ಮ ಮನೆಯಂತೆಯೇ ನಡೆಸಿದರು. ಸ್ವಂತ ಹಣ, ದಾನದ ಹಣ ಒಂದೇ ಚೀಲದಲ್ಲಿ ಇರುತ್ತಿದ್ದವು. ಸ್ವಂತದ್ದನ್ನೇ ಹೆಚ್ಚಾಗಿ ಸುರಿದರೆಂಬುದು ನಿಜ, ಆದರೆ ಚೀಟಿ, ರಸೀತಿ ಸರಿಯಾಗಿರಲಿಲ್ಲ. ನಮ್ಮ ಕೂಟದ ಖಜಾಂಚಿಗಳಾರೂ ಇದನ್ನು ಒಪ್ಪಲಾರರು. ಮೇಬಲ್ ಬೋರ್ಡ್‌ಮನ್ ಮೊದಲಾದವರು ಲೆಕ್ಕ ಕೇಳಿದರು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಂಸ್ಥೆಯಿಂದ ತಮ್ಮ ಹೆಸರನ್ನು ಹಿಂತೆಗೆದರು, ವಿಚಾರಣೆಯೂ ನಡೆಯಿತು. ಅಪರಾಧವೇನೂ ಸಾಬೀತಾಗದಿದ್ದರೂ 1904ರಲ್ಲಿ ಬಾರ್ಟನ್ ರಾಜೀನಾಮೆ ಕೊಟ್ಟರು. ಲೆಕ್ಕ ಕೇಳಿದವರದು ತಪ್ಪೆಂದು ನನಗನಿಸುವುದಿಲ್ಲ. ಇಪ್ಪತ್ತಮೂರು ವರ್ಷ ಸಂಬಳವಿಲ್ಲದೆ ದುಡಿದ ಮುದುಕಿಯನ್ನು ಕಳಿಸಿಕೊಟ್ಟ ರೀತಿ ಚೆನ್ನಾಗಿರಲಿಲ್ಲ. ಎಂಬತ್ತಮೂರರಲ್ಲಿ ಆಕೆ ಮತ್ತೆ ಹೊಸದೊಂದನ್ನು ಶುರುಮಾಡಿದರು: ಪ್ರಥಮ ಚಿಕಿತ್ಸೆಯನ್ನು ಕಾರ್ಖಾನೆ, ರೈಲ್ವೆ ಕೆಲಸಗಾರರಿಗೆ ಕಲಿಸುವ ಸಂಘ.

1912ರ ಏಪ್ರಿಲ್ 12ರಂದು, ತೊಂಬತ್ತರ ವಯಸ್ಸಿನಲ್ಲಿ, ನ್ಯುಮೋನಿಯದಿಂದ ಗ್ಲೆನ್ ಎಕೋದ ಮನೆಯಲ್ಲಿ ತೀರಿಕೊಂಡರು. ಸಮಾಧಿ ಹುಟ್ಟೂರಿನ ಹತ್ತಿರವೇ ಇದೆ. ಏಳನೆಯ ಬೀದಿಯ ಆ ಹಳೆಯ ಕೋಣೆಗಳನ್ನು ಜನ ಮರೆತೇಬಿಟ್ಟಿದ್ದರು. 1996ರಲ್ಲಿ ಕಟ್ಟಡವನ್ನು ಕೆಡವುವ ಮುನ್ನ ಪರಿಶೀಲಿಸುತ್ತಿದ್ದಾಗ, ಕಾಣೆಯಾದ ಸೈನಿಕರ ಕಛೇರಿ ಎಂಬ ತಗಡಿನ ಫಲಕ ಅಟ್ಟದಲ್ಲಿ ಸಿಕ್ಕಿತು. ಕಟ್ಟಡ ಉಳಿಯಿತು, ಈಗ ಅದು ವಸ್ತುಸಂಗ್ರಹಾಲಯ. ಗ್ಲೆನ್ ಎಕೋದ ಮನೆಯನ್ನು 1974ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಮಹಿಳೆಯೊಬ್ಬಳ ಸಾಧನೆಗೆಂದೇ ರಾಷ್ಟ್ರೀಯ ಉದ್ಯಾನ ಇಲಾಖೆ ಮೀಸಲಿಟ್ಟ ಮೊದಲ ತಾಣ ಅದು. ವಾಷಿಂಗ್‌ಟನ್ ನೋಡಲು ಊರಿನಿಂದ ಅಪ್ಪ ಅಮ್ಮ ಬಂದಾಗ ಶ್ವೇತಭವನ, ಲಿಂಕನ್ ಸ್ಮಾರಕ ಮುಗಿಸಿಕೊಂಡು ಪೊಟೊಮ್ಯಾಕ್ ನದಿಯ ದಡ ಹಿಡಿದು ಕೆಲವು ಮೈಲಿ ಮೇಲಕ್ಕೆ ಕಾರು ಓಡಿಸಿದರೆ ಸಿಗುತ್ತದೆ. ಜಾನ್ಸ್‌ಟೌನಿನಿಂದ ಬಂದ ಮರ ಇನ್ನೂ ಆ ಮನೆಯನ್ನು ಹೊತ್ತು ನಿಂತಿದೆ.